ಚಕ್ರದ ಮೇಲಿನ ಕೈ

ಆಟದ ಮೈದಾನದ ಗ್ಯಾಲರಿಯ ಹೊಟ್ಟೆಯೊಳಗೆ ಒಂದು ಓರೆ ಕೋಣೆಯಿದೆ. ಮೇಲೆ ಜನ ಕೂರುವ ಮೆಟ್ಟಿಲುಗಳೇ ಅದರ ಚಾವಣಿ. ಬಾಗಿಲ ಬಳಿ ಎಂಥ ಎತ್ತರದವರೂ ಸಲೀಸಾಗಿ ನಿಲ್ಲಬಹುದು. ಒಳಗೆ ಹೋಗುತ್ತ ಹೋಗುತ್ತ ತಲೆ ತಗ್ಗಿಸಬೇಕು. ಹಿಂದೆ ಅದು ಬಲೆ, ಕಂಬ, ಗೆರೆ ಎಳೆಯುವ ಸುಣ್ಣದ ಚೀಲಗಳನ್ನು ತುಂಬಿಡುವ ಉಗ್ರಾಣವಾಗಿತ್ತು. ಈಗ ಪೆಟ್ಟು ತಿಂದ ಆಟಗಾರರನ್ನು ಮತ್ತೆ ಮೈದಾನಕ್ಕೆ ಕಳಿಸುವ ವ್ಯಾಯಾಮದ ಕೋಣೆ. ಅದನ್ನು ನೋಡಿಕೊಳ್ಳುವವನನ್ನು ಅಲ್ಲಿಗೆ ಬರುವವರೆಲ್ಲ ಮಾವ ಎಂದು ಕರೆಯುತ್ತಾರೆ. ಅವನು ನಿಜವಾಗಿ ಮಾವನಾಗಿರುವುದು ಒಬ್ಬಳಿಗೆ ಮಾತ್ರ, ತಂಗಿಯ ಮಗಳಿಗೆ. ಅವಳು ಚಿಕ್ಕವಳಿದ್ದಾಗ ಮೈದಾನದ ಆ ತುದಿಯಿಂದಲೇ ಮಾವಾ ಎಂದು ಕೂಗುತ್ತ ಓಡಿಬರುತ್ತಿದ್ದಳು. ಕೇಳಿಸಿಕೊಂಡವರ ಬಾಯಿಗೆಲ್ಲ ಅದೇ ಹತ್ತಿಕೊಂಡಿತು.

ಮಾವ ಐವತ್ತು ದಾಟಿದವನು, ಮದುವೆಯಾಗದವನು. ಮೈಕಟ್ಟಿನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಅಂಗೈ ಮಾತ್ರ ಮೊರದಷ್ಟಗಲ. ಹರೆಯದಲ್ಲಿ ಅವನು ಊರಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ. ಒಂದು ಆಟದಲ್ಲಿ ಕಂಬಕ್ಕೆ ಬಡಿದು ಭುಜ ಜಾರಿತು. ಆಗ ಇಂಥ ಕೋಣೆಗಳಿರಲಿಲ್ಲ. ಯಾರೋ ತಿಕ್ಕಿದರು, ಯಾರೋ ಎಳೆದರು, ಭುಜ ಹೇಗೋ ಕೂತುಕೊಂಡಿತು. ಆದರೆ ಕೈ ತಲೆಗಿಂತ ಮೇಲೇಳಲಿಲ್ಲ. ಮೇಲಿನ ಚೆಂಡಿಗೆ ಕೈ ಚಾಚಲಾರದ ಗೋಲ್‌ಕೀಪರ್ ಯಾರಿಗೆ ಬೇಕು? ಹಾಗಂತ ಅವನು ಮೈದಾನ ಬಿಟ್ಟು ಹೋಗಲಿಲ್ಲ. ಗೆರೆ ಎಳೆದ, ಹುಲ್ಲು ಕತ್ತರಿಸಿದ, ಬಲೆ ಹೊಲಿದ. ಕೋಣೆ ತೆರೆದಾಗ ಬೀಗದಕೈ ತಾನಾಗಿ ಅವನ ಸೊಂಟಕ್ಕೆ ಬಂತು.

ಯಾರ ಕೈಯಲ್ಲಿ ಏನೇ ಭಾರ ಕಂಡರೂ ಅದನ್ನು ಇಸಿದುಕೊಳ್ಳುವುದು ಅವನ ಹುಟ್ಟುಗುಣ. ತಂಗಿ ಇದನ್ನು ನೆಂಟರ ಮುಂದೆಲ್ಲ ಆಡಿ ತೋರಿಸುತ್ತಾಳೆ. ಅವಳಿಗೆ ಸೈಕಲ್ ಕಲಿಸಿದವನು ಅಣ್ಣನೇ. ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದ. ಮೊದಲ ದಿನ ಓಡಿದ, ತಿಂಗಳಾದರೂ ಓಡಿದ. ನೋಡಿದವರು "ಬಿಟ್ಟುಬಿಡೋ, ಬಿದ್ರೆ ಕಲೀತಾಳೆ" ಅಂದರೆ, "ಬಿದ್ರೆ ಅಂತ ಹೇಳೋಕೆ ನಿಮಗೇನು, ಮಂಡಿ ನಿಮ್ಮದಾ" ಎಂದು ಅವರ ಮೇಲೇ ಹೋಗುತ್ತಿದ್ದ. ಕೊನೆಗೂ ಸೀಟು ಬಿಡಲಿಲ್ಲ. ಶಾಲೆಯಲ್ಲಿ ಬಟ್ಟೆ ಹೊಲಿಯುವುದನ್ನು ಹೇಳಿಕೊಡುವ ತಂಗಿಗೆ ಇಂದಿಗೂ ಸೈಕಲ್ ಬರುವುದಿಲ್ಲ.

"ನಾನಿನ್ನೂ ಆ ಸೈಕಲ್ ಮೇಲೇ ಇದೀನಿ," ಅನ್ನುತ್ತಾಳೆ ಅವಳು. "ನಮ್ಮಣ್ಣ ಹಿಡ್ಕೊಂಡಿದಾನಲ್ಲ, ಇಳಿಯೋಕೂ ಬರಲ್ಲ, ಹೋಗೋಕೂ ಬರಲ್ಲ."

ಎಲ್ಲರೂ ನಗುತ್ತಿದ್ದರು. ಮಾವನೂ ನಗುತ್ತಿದ್ದ. ಅವನಿಗೆ ಅದು ತನ್ನನ್ನು ಹೊಗಳಿದ ಹಾಗೇ ಕೇಳಿಸುತ್ತಿತ್ತು.

ಚಕ್ರ ಬಂದದ್ದು ಆಮೇಲೆ ಎಷ್ಟೋ ವರ್ಷಕ್ಕೆ. ಫ್ಲೈವೀಲ್ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ತೂಕದ ಕಲ್ಲುಗಳಿಲ್ಲ, ಎತ್ತುವ ಸರಳಿಲ್ಲ. ನಿಲ್ಲಲು ಒಂದು ಕಬ್ಬಿಣದ ಹಲಗೆ, ಅದರ ಹಿಂದುಗಡೆ ದೊಡ್ಡ ತಟ್ಟೆಯಂಥ ಉಕ್ಕಿನ ಚಕ್ರ. ಚಕ್ರದ ಅಚ್ಚಿಗೆ ಒಂದು ಪಟ್ಟಿ ಸುತ್ತಿಕೊಂಡಿರುತ್ತದೆ. ಪಟ್ಟಿಯ ಇನ್ನೊಂದು ತುದಿಯನ್ನು ಸೊಂಟದ ಬೆಲ್ಟಿಗೆ ಕೊಕ್ಕೆ ಹಾಕಬೇಕು. ಬಗ್ಗಿಸಿದ ಮಂಡಿಯಿಂದ ಎದ್ದು ನಿಂತರೆ ಪಟ್ಟಿ ಬಿಚ್ಚಿಕೊಳ್ಳುತ್ತ ಚಕ್ರ ತಿರುಗುತ್ತದೆ. ಪಟ್ಟಿ ಮುಗಿದರೂ ಚಕ್ರ ನಿಲ್ಲುವುದಿಲ್ಲ. ತನಗೆ ಸಿಕ್ಕ ವೇಗದಲ್ಲೇ ತಿರುಗುತ್ತ ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳುತ್ತದೆ, ನಿಂತವರನ್ನು ಕೆಳಕ್ಕೆ ಎಳೆಯುತ್ತದೆ. ಎಷ್ಟು ಜೋರಾಗಿ ಎದ್ದರೋ ಅಷ್ಟೇ ಜೋರಾಗಿ. ಆ ಎಳೆತವನ್ನು ತೊಡೆಯಲ್ಲಿ ತಡೆದು, ಚಕ್ರವನ್ನು ನಿಲ್ಲಿಸಿ, ಮತ್ತೆ ಏಳಬೇಕು.

ವಾರಕ್ಕೊಮ್ಮೆ ದೊಡ್ಡ ಆಸ್ಪತ್ರೆಯಿಂದ ಬರುವ ಫಿಸಿಯೋ ಮೇಡಂ ಅದನ್ನು ಮಾವನಿಗೆ ಹೇಳಿಕೊಟ್ಟರು. ಚಿಕ್ಕ ವಯಸ್ಸಿನವರು, ಮಾತು ಕಡಿಮೆ, ಬೂಟಿನ ಲೇಸನ್ನು ಎರಡೆರಡು ಗಂಟು ಹಾಕುವವರು.

"ಮಾವ, ಏಳೋದು ಅರ್ಧ ಕೆಲಸ ಅಷ್ಟೇ," ಅಂದಿದ್ದರು. "ಇದು ಕೆಳಗೆ ಎಳೆಯುತ್ತಲ್ಲ, ಆಗ ತಡೀತಾರಲ್ಲ, ಔಷಧ ಇರೋದೇ ಅಲ್ಲಿ. ಓಡೋರು ನಿಲ್ಲೋದನ್ನ, ಜಿಗಿಯೋರು ಇಳಿಯೋದನ್ನ ಕಲಿಯೋದು ಅಲ್ಲೇ."

ಆಟಗಾರರು ಯಂತ್ರಕ್ಕೆ ಅತ್ತೆ ಎಂದು ಹೆಸರಿಟ್ಟರು. ಒಂದು ಮಾತು ಆಡಿದರೆ ಒಂದು ವಾಪಸು, ಎರಡು ಆಡಿದರೆ ಎರಡು. "ಅತ್ತೆ ಮಾವ ಇಬ್ಬರೂ ಇರೋ ಮನೆ, ಹುಷಾರಾಗಿರು," ಎಂದು ಹೊಸಬರಿಗೆ ಬುದ್ಧಿ ಹೇಳಿ ಒಳಗೆ ಬಿಡುತ್ತಿದ್ದರು. ಮಾವ ಅಲ್ಲಿ ನಿಷ್ಠುರ. ಆಟಗಾರರಿಗೆ ಅನುಕೂಲ ಮಾಡಿಕೊಡುವ ಕೈ ಚಕ್ರದ ಹತ್ತಿರ ಬಂದಾಗ ಮಾತ್ರ ಹಿಂದೆ ಕಟ್ಟಿಕೊಂಡಿರುತ್ತಿತ್ತು. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ, ಎಳೆತ ಕಡಿಮೆಯಾದರೆ ಕೆಲಸ ಕೆಟ್ಟಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಬಸ್ ಡಿಪೋ ತಂಡದ ಫುಟ್‌ಬಾಲ್ ಆಟಗಾರನೊಬ್ಬ ತೊಡೆ ಗಡಗಡ ನಡುಗಿಸುತ್ತ, "ಮಾವ, ಸ್ವಲ್ಪ ಹಿಡಿ, ಚಕ್ರಕ್ಕೆ ಕೈ ಕೊಡು," ಅಂದ.

"ಹಿಡಿಯೋಕೆ ನಾನೇನು ನಿನ್ನ ಸ್ವಂತ ಮಾವನಾ?" ಅಂದ ಮಾವ. ಕೋಣೆಯೆಲ್ಲ ನಕ್ಕಿತು.

ತಂಗಿಯ ಮಗಳನ್ನು ಮೈದಾನದಲ್ಲಿ ಮಿಡತೆ ಎನ್ನುತ್ತಿದ್ದರು. ಕಾಲು ಉದ್ದ, ನಡೆದರೆ ಎಗರಿದ ಹಾಗೆ. ಅವಳ ಆಟ ಟ್ರಿಪಲ್ ಜಂಪ್. ಓಡಿಬಂದು ಒಂದು ಕಾಲಲ್ಲಿ ನೆಗೆದು ಅದೇ ಕಾಲಲ್ಲಿ ಇಳಿಯಬೇಕು; ಅಲ್ಲಿಂದ ಇನ್ನೊಂದು ಕಾಲಿಗೆ, ಅಲ್ಲಿಂದ ಮರಳಿಗೆ. ಆ ಮೊದಲ ಇಳಿತವೇ ಕಷ್ಟದ್ದು. ಓಡಿಬಂದ ವೇಗವೆಲ್ಲ, ಮೈಭಾರವೆಲ್ಲ ಒಂದೇ ಮಂಡಿಗೆ ಬಂದು ಬೀಳುತ್ತದೆ. ಮಂಡಿ ಅದನ್ನು ತಡೆದು, ತಡೆದದ್ದನ್ನೇ ಮುಂದಿನ ನೆಗೆತಕ್ಕೆ ಕೊಡಬೇಕು. ಮಿಡತೆಗೆ ಅದು ಆಟವಾಗಿತ್ತು. ಅವಳು ಇಳಿಯುವುದೇ ಕಾಣುತ್ತಿರಲಿಲ್ಲ, ನೆಲವೇ ಅವಳನ್ನು ಮೇಲಕ್ಕೆ ಎಸೆದ ಹಾಗೆ ಹೋಗುತ್ತಿದ್ದಳು. ಮರಳಿನಿಂದ ಎದ್ದವಳೇ ಚಡ್ಡಿಗೆ ಅಂಟಿದ ಮರಳನ್ನು ಕೊಡವಿಕೊಳ್ಳುತ್ತ ಮೊದಲು ನೋಡುತ್ತಿದ್ದದ್ದು ಅಳತೆ ಪಟ್ಟಿಯನ್ನಲ್ಲ, ಹಗ್ಗದಾಚೆ ನಿಂತ ಮಾವನ ಮುಖವನ್ನು.

ಒಂದು ಬೆಳಿಗ್ಗೆ ಅಭ್ಯಾಸದಲ್ಲಿ ಕಾಲು ಒದ್ದೆ ಜಾಗದಲ್ಲಿ ತಿರುಚಿಕೊಂಡಿತು. ಬಲಮಂಡಿಯೊಳಗಿನ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯಾಯಿತು. ತೊಡೆಯ ಹಿಂಭಾಗದಿಂದ ಒಂದು ಎಳೆ ತೆಗೆದು ಮಂಡಿಯೊಳಗೆ ಹೊಸ ಕಟ್ಟು ಕಟ್ಟಿದರು. ಮಾವ, ತಂಗಿ, ಮಗಳು ಮೂವರೂ ಇರುವ ಮನೆಯಲ್ಲಿ ಅವಳ ಕೋಣೆ ಮಹಡಿಯಲ್ಲಿತ್ತು. ಮಾವ ತನ್ನ ಕೆಳಗಿನ ಕೋಣೆಯನ್ನು ಬಿಟ್ಟುಕೊಟ್ಟು ತಾನು ಮೇಲೆ ಹೋದ. ಅವಳ ಚಿಕ್ಕ ಮಂಚದಲ್ಲಿ ಕಾಲು ಹೊರಗೆ ಚಾಚಿ ಮಲಗುತ್ತಿದ್ದ. ಬೆಳಿಗ್ಗೆ ಅವಳು ಎಚ್ಚರವಾಗುವಷ್ಟರಲ್ಲಿ ನೀರಿನ ಲೋಟ, ಊರುಗೋಲು, ಚಪ್ಪಲಿ, ಮೂರೂ ಕೈಗೆ ಸಿಗುವಲ್ಲಿ ಇರುತ್ತಿದ್ದವು.

"ನನಗೆ ಕಾಲು ಹೋಗಿದೆ ಮಾವ, ಕೈ ಇದೆ," ಅನ್ನುತ್ತಿದ್ದಳು ಮಿಡತೆ.

"ಇರಲಿ, ಅದಕ್ಕೂ ರಜೆ ಕೊಡು."

ಮುಂದಿನ ಬೇಸಿಗೆಯ ಕೊನೆಯಲ್ಲಿ ಕಿರಿಯರ ಆಯ್ಕೆ ಇತ್ತು. ಆ ವರ್ಷ ತಪ್ಪಿದರೆ ಅವಳಿಗೆ ವಯಸ್ಸು ಮೀರುತ್ತಿತ್ತು. ಆಯ್ಕೆಯಾದರೆ ರಾಜಧಾನಿಯ ಕ್ರೀಡಾ ಶಾಲೆ, ಅಲ್ಲೇ ಓದು, ಅಲ್ಲೇ ಊಟ, ದಿನಾ ಜಿಗಿತ. ಆಗದಿದ್ದರೆ ಇಲ್ಲೇ ಕಾಲೇಜು, ಸಂಜೆ ಅಮ್ಮನ ಜೊತೆ ಹೊಲಿಗೆ. ಅವಳು ಇದನ್ನು ಯಾರ ಹತ್ತಿರವೂ ದೊಡ್ಡದಾಗಿ ಹೇಳಿಕೊಂಡವಳಲ್ಲ. ಆದರೆ ಕ್ರೀಡಾ ಶಾಲೆಯ ಓಟದ ಹಾದಿ ಯಾವ ಬಣ್ಣದ್ದು, ಮರಳಿನ ಗುಂಡಿ ಎಷ್ಟಿವೆ ಎಂದೆಲ್ಲ ಊಟದ ನಡುವೆ ಇದ್ದಕ್ಕಿದ್ದಂತೆ ಹೇಳುತ್ತಿದ್ದಳು.

ಮಂಡಿ ಬಾಗುವಂತಾಗಿ, ನಡಿಗೆ ಸರಿಯಾಗಿ, ಮೆಲ್ಲಗೆ ಓಡುವಷ್ಟಾದ ಮೇಲೆ ಮೇಡಂ ಚಕ್ರ ಶುರುಮಾಡಲು ಹೇಳಿದರು. ಚಕ್ರಕ್ಕೆ ಭಾರ ಕೊಡುವ ಉಕ್ಕಿನ ಬಿಲ್ಲೆಗಳಲ್ಲಿ ಚಿಕ್ಕದನ್ನು ಹಾಕಿಸಿ, ತಾವೇ ನಾಲ್ಕು ಸಲ ಮಾಡಿ ತೋರಿಸಿ, ಮುಂದಿನದೆಲ್ಲವನ್ನೂ ಮಾವನಿಗೆ ಬಿಟ್ಟುಹೋದರು. ಬಿಸಿಲಿನ ಹೊತ್ತಿಗೆ ಕೋಣೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಮಾವ ಅವಳಿಗೆ ಅದೇ ಹೊತ್ತನ್ನು ಗೊತ್ತುಮಾಡಿದ.

ಮೊದಲ ದಿನ ಅವಳು ಬೆಲ್ಟ್ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ಚಕ್ರ ಅವಳ ಬೆನ್ನ ಹಿಂದೆ, ಮಾವ ಚಕ್ರದ ಪಕ್ಕದಲ್ಲಿ. ಎದ್ದಳು. ಚಕ್ರ ಗುಂಯ್ ಎಂದಿತು. ಪಟ್ಟಿ ಮುಗಿದು ಎಳೆತ ಶುರುವಾದಾಗ ಅವಳ ಬಾಯಿಂದ ಒಂದು ಸದ್ದು ಬಂತು. ಕೂಗಲ್ಲ, ಅಳುವಲ್ಲ. ಅವಳು ನಡೆಯಲು ಕಲಿಯುವಾಗ ಹೊಸ್ತಿಲ ಹತ್ತಿರ ಮುಗ್ಗರಿಸಿ, ಬೀಳುವ ಮೊದಲು ಮಾಡುತ್ತಿದ್ದ ಸದ್ದು. ಅದನ್ನು ಕೇಳಿದ್ದೇ ತಡ, ಮಾವನ ಹೆಗಲ ಮೇಲಿದ್ದ ಟವೆಲ್ಲು ಅವನ ಅಂಗೈಗೆ ಬಂತು, ಅಂಗೈ ಚಕ್ರದ ಅಂಚಿಗೆ ಹೋಯಿತು. ಯೋಚಿಸಿ ಮಾಡಿದ್ದಲ್ಲ. ಗೋಲಿನ ಮುಂದೆ ನಿಂತವನ ಕೈ ಯೋಚಿಸುವುದಿಲ್ಲ.

ಎಳೆತ ಹಗುರಾಯಿತು. ಅವಳು ನೆಟ್ಟಗೆ ಇಳಿದಳು, ನಿಂತಳು, ಮತ್ತೆ ಎದ್ದಳು.

"ಈ ಸಲ ಪರವಾಗಿಲ್ಲ ಮಾವ," ಅಂದಳು ಗೋಡೆಗೆ ಹೇಳಿದ ಹಾಗೆ.

"ಹೂಂ. ಪರವಾಗಿಲ್ಲ."

ಮರುದಿನ ತೆಗೆಯಬೇಕು ಅಂದುಕೊಂಡ. ಮರುದಿನ ಅವಳ ಮಂಡಿ ಸ್ವಲ್ಪ ಊದಿತ್ತು. ನಾಳೆ ತೆಗೆದರಾಯಿತು ಅಂದುಕೊಂಡ. ಮಡಿಸಿದ ಟವೆಲ್ಲನ್ನು ಅಂಗೈಗಿಟ್ಟು, ಅವಳು ಏಳುವಾಗ ಚಕ್ರವನ್ನು ಪೂರ್ತಿ ಬಿಟ್ಟು, ಎಳೆತ ಶುರುವಾಗುವ ಆ ಗಳಿಗೆಗೆ ಸರಿಯಾಗಿ ಒತ್ತುವುದು ಅವನಿಗೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ, ಯಂತ್ರದ ಗುಂಯ್ ಸದ್ದಿನಲ್ಲೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದೆರಡು ಸಲ ನಿಜಕ್ಕೂ ಕೈ ಹಿಂದಕ್ಕೆ ತೆಗೆದುಕೊಂಡ. ಅವಳ ಕುತ್ತಿಗೆಯ ನರ ಬಿಗಿಯುವುದು ಹಿಂದಿನಿಂದಲೇ ಕಾಣುತ್ತಿತ್ತು. ಕೈ ಮತ್ತೆ ಹೋಯಿತು.

ಅವಳಿಗೆ ಗೊತ್ತಾಗಲಿಲ್ಲ. ಏಳುವುದರಲ್ಲಿ ಅವಳು ದಿನದಿಂದ ದಿನಕ್ಕೆ ಬಲವಾದಳು. ಎಷ್ಟು ಜೋರಾಗಿ ಎದ್ದರೂ ಚಕ್ರ ಅವಳಿಗೆ ಮಣಿಯುತ್ತಿತ್ತು. ಚಿಕ್ಕ ಬಿಲ್ಲೆ ತೆಗೆದು ದೊಡ್ಡದು ಹಾಕಿದರು, ಅದೂ ಮಣಿಯಿತು.

"ಎಲ್ಲರೂ ಅತ್ತೆ ಅತ್ತೆ ಅಂತ ಸುಮ್ಮನೆ ಹೆದರಿಸಿದ್ರು," ಅಂದಳು ಒಂದು ದಿನ ಬೆಲ್ಟ್ ಬಿಚ್ಚುತ್ತ. "ನನ್ನ ಹತ್ರ ಒಳ್ಳೆ ತವರುಮನೆ ಥರ ಇದೆ."

ಮಾವ ಟವೆಲ್ಲನ್ನು ಒಳಮಗ್ಗುಲಾಗಿ ಮಡಿಸಿ ಹೆಗಲಿಗೆ ಹಾಕಿಕೊಂಡ. ಉಕ್ಕಿನ ಕಪ್ಪು ಅದಕ್ಕೆ ಹತ್ತಿತ್ತು. ಮನೆಯಲ್ಲಿ ಒಗೆಯುವಾಗ ತಂಗಿ, "ಏನಣ್ಣ ಇದು, ಎಂಜಿನ್ ಒರೆಸ್ತೀಯಾ?" ಅಂದಳು. "ಯಂತ್ರ ಅಂದ ಮೇಲೆ ಒರೆಸಬೇಕಲ್ಲ," ಅಂದ. ಅಂದಿನಿಂದ ತನ್ನ ಟವೆಲ್ಲು ತಾನೇ ಒಗೆದುಕೊಂಡ.

ಆಯ್ಕೆ ಹತ್ತಿರವಾದಾಗ ಮೇಡಂ ಅವಳನ್ನು ಪರೀಕ್ಷೆ ಮಾಡಿದರು. ಒಂಟಿ ಕಾಲಲ್ಲಿ ಮುಂದಕ್ಕೆ ನೆಗೆಸಿದರು. ದೂರ ಚೆನ್ನಾಗಿ ಬಂತು. ಆಮೇಲೆ ಗಿಡ್ಡ ಬೆಂಚಿನ ಮೇಲೆ ನಿಲ್ಲಿಸಿ, ಬಲಗಾಲ ಮೇಲೆ ಕೆಳಕ್ಕೆ ಇಳಿದು ನಿಲ್ಲು ಅಂದರು. ಅವಳು ಇಳಿದಳು. ಮಂಡಿ ಒಂದು ಕ್ಷಣ ಒಳಕ್ಕೆ ವಾಲಿ, ನಡುಗಿ, ಆಮೇಲೆ ಸರಿಯಾಯಿತು. ಮತ್ತೊಮ್ಮೆ ಮಾಡಿಸಿದರು. ಮತ್ತೆ ವಾಲಿತು. ಮೇಡಂ ಕೂತು ತಮ್ಮ ಬೂಟಿನ ಗಂಟನ್ನು ಮುಟ್ಟಿ ನೋಡಿಕೊಂಡರು. ಯೋಚಿಸುವಾಗ ಅವರು ಹಾಗೆ ಮಾಡುತ್ತಿದ್ದರು.

"ನೆಗೆಯೋಕೆ ಬಂದಿದೆ. ಇಳಿಯೋಕೆ ಯಾಕೆ ಹೀಗೆ?" ಅಂದರು. ಆಮೇಲೆ ತಿರುಗಿ, "ಮಾವ, ದಿನಾ ನೋಡೋರು ನೀವು. ಚಕ್ರದ ಮೇಲೆ ಹೇಗೆ? ಎಳೆಯೋವಾಗ ಪೂರ್ತಿ ತಡೀತಾಳಾ?"

ಮಿಡತೆ ಅವನ ಕಡೆ ನೋಡಿದಳು. ಮರಳಿನಿಂದೆದ್ದು ನೋಡುತ್ತಿದ್ದಳಲ್ಲ, ಅದೇ ನೋಟ. ಹೊರಗೆ ಯಾರೋ ಗ್ಯಾಲರಿಯ ಮೆಟ್ಟಿಲು ಇಳಿಯುತ್ತಿದ್ದರು; ಅವರ ಹೆಜ್ಜೆ ಚಾವಣಿಯ ಮೇಲೆ ಒಂದೊಂದಾಗಿ ಕೆಳಗೆ ಬಂದವು.

ಇಲ್ಲ ಅನ್ನಲು ಮಾವನಿಗೆ ಅಷ್ಟೇ ಹೊತ್ತು ಇತ್ತು. ಇಲ್ಲ ಮೇಡಂ, ತಡೆದದ್ದು ನಾನು, ಇನ್ನೊಂದಿಷ್ಟು ದಿನ ಕೊಡಿ. ಹಾಗಂದಿದ್ದರೆ ಆ ವರ್ಷದ ಆಯ್ಕೆ ಹೋಗುತ್ತಿತ್ತು, ಮಂಡಿ ಉಳಿಯುತ್ತಿತ್ತು. ಅವನು ಆಮೇಲೆ ಈ ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟೋ ಬಗೆಯಲ್ಲಿ ಹೇಳಿಕೊಂಡ. ಸ್ನಾನದಮನೆಯಲ್ಲಿ, ಗೆರೆ ಎಳೆಯುವಾಗ, ಬಸ್ಸಿಗೆ ಕಾಯುವಾಗ. ಪ್ರತಿಸಲವೂ ಸಲೀಸಾಗಿ ಬಾಯಿಗೆ ಬರುತ್ತಿತ್ತು.

ಅಂದು ಬಂದದ್ದು ಬೇರೆ. "ಪೂರ್ತಿ ತಡೀತಾಳೆ ಮೇಡಂ. ದೊಡ್ಡ ಬಿಲ್ಲೇಲೂ ತಡೀತಾಳೆ."

ಮೇಡಂ ಅವರ ಮುಖ ಹಗುರಾಯಿತು. "ಹಾಗಾದ್ರೆ ಇದು ಕಾಲಿಂದಲ್ಲ, ಮನಸ್ಸಿನ ಹೆದರಿಕೆ. ಪೆಟ್ಟು ತಿಂದೋರಿಗೆ ಇರುತ್ತೆ. ಮೈದಾನಕ್ಕೆ ಹೋದ್ರೆ ಹೋಗುತ್ತೆ."

ಮಿಡತೆ ಖುಷಿಗೆ ಕೋಣೆಯ ಎತ್ತರದ ಬದಿಯಲ್ಲಿ ನಿಂತು ಎರಡು ಕೈಯನ್ನೂ ಚಾವಣಿಗೆ ತಾಗಿಸಿದಳು.

ಆಯ್ಕೆಯ ದಿನ ಮೋಡವಿತ್ತು, ಗಾಳಿಯಿರಲಿಲ್ಲ. ಬೇರೆ ಊರಿನ ಮೈದಾನ. ಮಾವ ಅವಳ ಚೀಲ, ನೀರು, ಮುಳ್ಳಿನ ಬೂಟು ಎಲ್ಲವನ್ನೂ ತಾನೇ ಹೊತ್ತುಕೊಂಡಿದ್ದ. "ಕೊಡು ಮಾವ, ನೋಡಿದೋರು ನಗ್ತಾರೆ, ನೀನೇ ಜಿಗಿಯೋಕೆ ಬಂದ ಹಾಗಿದೆ," ಅಂದಳು. ಮೊದಲ ಸಲ ನೆಗೆಯುವ ಹಲಗೆಯಿಂದಾಚೆ ಕಾಲಿಟ್ಟಳು, ಜಿಗಿತ ಲೆಕ್ಕಕ್ಕೆ ಬರಲಿಲ್ಲ. ಎರಡನೆಯ ಸಲ ಓಟ ಚೆನ್ನಾಗಿತ್ತು. ಕಾಲು ಹಲಗೆಗೆ ಸರಿಯಾಗಿ ಬಿತ್ತು, ನೆಗೆದಳು. ಎಷ್ಟು ಎತ್ತರಕ್ಕೆ ನೆಗೆದಳೆಂದರೆ ಪಕ್ಕದಲ್ಲಿ ನಿಂತಿದ್ದ ಯಾರೋ ಕೋಚ್ ಒಬ್ಬ ಬಾಯಲ್ಲೇ ಅಬ್ಬಾ ಅಂದ. ಚಕ್ರ ಕೊಟ್ಟ ಬಲ ಅದು. ಅಷ್ಟು ಎತ್ತರದಿಂದ ಇಳಿಯುವುದನ್ನು ಆ ಕಾಲಿಗೆ ಯಾರೂ ಕಲಿಸಿರಲಿಲ್ಲ.

ಇಳಿದಾಗ ಮಂಡಿ ಒಳಕ್ಕೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಸದ್ದೇನೂ ಆಗಲಿಲ್ಲ. ಅವಳು ಓಟದ ಹಾದಿಯ ಮೇಲೆ ಪಕ್ಕಕ್ಕೆ ಮಲಗಿಕೊಂಡ ಹಾಗೆ ಬಿದ್ದಳು. ಮಾವ ಹಗ್ಗದಾಚೆ ನಿಂತಿದ್ದ. ಅವನ ಎರಡೂ ಕೈ ಮುಂದಕ್ಕೆ ಚಾಚಿದ್ದವು. ಚೀಲ, ಬಾಟಲಿ ನೆಲದ ಮೇಲಿದ್ದವು.

ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಡಾಕ್ಟರು ಸುತ್ತುಬಳಸಿ ಮಾತಾಡಲಿಲ್ಲ. ನಡೆಯಬಹುದು, ಎಚ್ಚರಿಕೆಯಿಂದ ಸ್ವಲ್ಪ ಓಡಬಹುದು, ಎಲ್ಲರ ಹಾಗೆ ಇರಬಹುದು. ಜಿಗಿಯುವುದು ಮಾತ್ರ ಬೇಡ. ಮಿಡತೆ ಸರಿ ಅಂದಳು. ಬೇರೆಯವರ ವಿಷಯ ಕೇಳಿಸಿಕೊಂಡವಳ ಹಾಗೆ ಅಂದಳು. ಊಟದ ನಡುವೆ ಓಟದ ಹಾದಿಯ ಬಣ್ಣದ ಮಾತು ಮತ್ತೆ ಬರಲಿಲ್ಲ. ಮೈದಾನದವರು ನೋಡಲು ಬಂದು ಹಳೆ ಹೆಸರಿನಿಂದ ಕರೆಯಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಏನೂ ಕರೆಯದೆ ಹೋದರು.

ಮಾವನಿಗೆ ಹೆಚ್ಚು ಭಾರವಾದದ್ದು ತಂಗಿಯ ಮಾತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳು ಅವನ ಕೈ ಹಿಡಿದುಕೊಂಡು, "ನೀನು ಎಷ್ಟು ಒದ್ದಾಡಿದೆ ಅಣ್ಣ, ದಿನಾ ಬಿಸಿಲಲ್ಲಿ. ಅವಳ ಹಣೇಬರಹ, ನೀನೇನು ಮಾಡ್ತೀಯ," ಅಂದಳು. ಅಂಗೈಯ ಗೆರೆಗಳಲ್ಲಿ ಕಪ್ಪು ಕೂತಿತ್ತು, ತೊಳೆದರೂ ಹೋಗಿರಲಿಲ್ಲ. ಅವಳು ಅದನ್ನು ಹೆಬ್ಬೆರಳಿನಿಂದ ಉಜ್ಜಿ, "ನೋಡು, ಹೇಗಾಗಿದೆ," ಅಂದಳು. ಮಾವ ಕೈ ಬಿಡಿಸಿಕೊಳ್ಳಲಿಲ್ಲ. ಹೇಳಬೇಕಾದ ಹೊತ್ತು ಮತ್ತೊಮ್ಮೆ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಕೂತು ಎದ್ದುಹೋಯಿತು.

ಮಂಡಿ ಆರಿದ ಮೇಲೆ ಮಿಡತೆ ಮತ್ತೆ ಓರೆ ಕೋಣೆಗೆ ಬಂದಳು. ಈಗ ಬೇಕಿದ್ದದ್ದು ಇಷ್ಟೇ, ಕಂಬಿ ಹಿಡಿಯದೆ ಮಹಡಿ ಮೆಟ್ಟಿಲು ಇಳಿಯುವುದು. ಹತ್ತುವುದು ಬರುತ್ತಿತ್ತು. ಇಳಿಯುವಾಗ ಮಗುವಿನ ಹಾಗೆ ಒಂದು ಮೆಟ್ಟಿಲಿಗೆ ಎರಡು ಕಾಲೂ ಇಡುತ್ತಿದ್ದಳು. ಅಂದು ಮೇಡಂ ಬಂದಿದ್ದರು. ಎಲ್ಲಕ್ಕಿಂತ ಚಿಕ್ಕ ಬಿಲ್ಲೆ ಹಾಕಿ, "ಮೆಲ್ಲಗೆ ಏಳು, ಮೆಲ್ಲಗೇ ಎಳೆಯುತ್ತೆ," ಅಂದು ತಾವೇ ಚಕ್ರದ ಪಕ್ಕ ನಿಂತರು. ಮಾವ ಬಾಗಿಲ ಹತ್ತಿರ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಿಂತಿದ್ದ.

ಅವಳು ಎದ್ದಳು. ಚಕ್ರ ತಿರುಗಿ ಎಳೆಯಿತು. ಅವಳು ತಟ್ಟನೆ ಎದುರು ಗೋಡೆಗೆ ಬಡಿದಿದ್ದ ಮರದ ಏಣಿಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಏನಾಯ್ತು, ನೋವಾ?" ಅಂದರು ಮೇಡಂ.

"ಇಲ್ಲ. ಬಿಲ್ಲೆ ಬದಲಾಯ್ಸಿದೀರಾ?"

"ಚಿಕ್ಕದೇ ಇದು. ನೀನು ದೊಡ್ಡದರಲ್ಲಿ ಮಾಡ್ತಿದ್ದೆಯಲ್ಲ, ಅದರ ಕಾಲು ಭಾಗನೂ ಇಲ್ಲ."

ಮಿಡತೆ ಇನ್ನೊಮ್ಮೆ ಎದ್ದಳು. ಇನ್ನೊಮ್ಮೆ ಎಳೆಯಿತು. ಈ ಸಲ ಅವಳು ಏಣಿಪಟ್ಟಿ ಬಿಡದೆ ಕುತ್ತಿಗೆ ತಿರುಗಿಸಿ ಹಿಂದೆ ನೋಡಿದಳು. ಇಷ್ಟು ದಿನ ಚಕ್ರದ ಕಡೆ ತಿರುಗಿ ನೋಡಿದವಳಲ್ಲ. ಮೇಡಂ ಕೈಕಟ್ಟಿ ನಿಂತಿದ್ದರು. ಅವರ ಕೈ ನೋಡಿದಳು, ಚಕ್ರ ನೋಡಿದಳು, ಆಮೇಲೆ ಬಾಗಿಲ ಕಡೆ. ಮಾವನ ಹೆಗಲ ಮೇಲಿನ ಟವೆಲ್ಲು ನೋಡಿದಳು. ಅದರ ಮಡಿಕೆಯ ಉದ್ದಕ್ಕೂ ಬೆರಳಗಲದ ಕಪ್ಪು ಪಟ್ಟೆ.

"ಮಾವ, ಇದು ಯಾವಾಗಲೂ ಇಷ್ಟೇ ಎಳೀತಿತ್ತಾ?"

ಮಾವ ಹೌದೆಂದು ತಲೆಯಾಡಿಸಿದ.

"ಹಿಡ್ಕೊಂಡಿದ್ಯಾ?"

"ಹೂಂ."

"ಎಷ್ಟು ದಿನ?"

"ದಿನಾ."

ಮೇಡಂ ಕುಕ್ಕರುಗಾಲಲ್ಲಿ ಕೂತು, ಬಿಗಿಯಾಗಿಯೇ ಇದ್ದ ಬೂಟಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ತಲೆ ಎತ್ತದೆ, "ನಾನು ನಿಮ್ಮನ್ನ ಕೇಳಿದ್ದೆ ಮಾವ," ಅಂದರು. ಅಷ್ಟೇ ಅಂದರು. ಮಾವನಿಗೆ ಹೇಳಲು ಎರಡು ಮಾತಿದ್ದವು. ಹೆದರಿದೆ ಅನ್ನಬಹುದಿತ್ತು. ನಿನ್ನ ಮುಖ ನೋಡಲಾಗಲಿಲ್ಲ ಅನ್ನಬಹುದಿತ್ತು. ಎರಡೂ ನಿಜವೇ. ಆದರೆ ಆ ಕಾಲಿನ ಮುಂದೆ ನಿಂತು ನೋಡಿದರೆ ಎರಡೂ ಬರೀ ತನ್ನ ಕಥೆ ಅನಿಸಿತು.

ಆಮೇಲೆ ಅವಳು ಮೇಡಂ ಬರುವ ದಿನ ಮಾತ್ರ ಬಂದಳು. ಮನೆಯಲ್ಲಿ ಮಾತು ಬಿಡಲಿಲ್ಲ, ಬೇಕಾದಷ್ಟೇ ಆಡಿದಳು. ಊಟಕ್ಕೆ ಕರೆದಳು, ಬಾಗಿಲು ಹಾಕಿದೆಯಾ ಎಂದು ಕೇಳಿದಳು. ಲೋಟ ಚಪ್ಪಲಿಗಳನ್ನು ಅವನು ಇಟ್ಟ ಜಾಗದಿಂದ ತೆಗೆದು ದೂರ ಇಟ್ಟುಕೊಂಡು, ತಾನೇ ಎದ್ದು ಹೋಗಿ ತಂದುಕೊಂಡಳು. ತಂಗಿಗೂ ತಿಳಿಯಿತು. ಅವಳು ಜಗಳವಾಡಲಿಲ್ಲ. ಒಂದು ಸಂಜೆ ಹೊಲಿಗೆ ಯಂತ್ರದ ಮುಂದೆ ಕೂತವಳು ತುಳಿಯುವುದನ್ನು ನಿಲ್ಲಿಸಿ, ಅವನ ಕಡೆ ತಿರುಗದೆ ಅಂದಳು:

"ನನ್ನ ಸೈಕಲ್ ಹಿಡಿದಿದ್ದೆ, ಹೋಗಲಿ ಬಿಡು ಅಣ್ಣ, ನಾನು ನಡ್ಕೊಂಡು ಓಡಾಡ್ತೀನಿ. ಅವಳಿಗೆ ಹೋಗೋಕಿತ್ತು."

ಆ ಸೈಕಲ್ ಕಥೆಯನ್ನು ಅವಳು ಮತ್ತೆ ಯಾವ ನೆಂಟರ ಮುಂದೆಯೂ ಹೇಳಲಿಲ್ಲ.

ಮಾವ ಕೋಣೆಯ ಬೀಗದಕೈಯನ್ನು ವಾಪಸು ಕೊಡಲು ಹೋಗಿದ್ದ. ಮೇಡಂ ತೆಗೆದುಕೊಳ್ಳಲಿಲ್ಲ. "ಬೇರೆಯವರಿಗೆ ನೀವು ಸರಿಯಾಗೇ ಮಾಡಿಸಿದೀರಿ, ನನಗೆ ಗೊತ್ತು," ಅಂದರು. ಅದು ಸಮಾಧಾನದ ಮಾತಾಗಿರಲಿಲ್ಲ. ಬಸ್ ಡಿಪೋದ ಆಟಗಾರ ಈಗ ಪೂರ್ತಿ ಗುಣವಾಗಿ ಇಡೀ ಆಟ ಆಡುತ್ತಿದ್ದ. ಬಾಗಿಲ ಹತ್ತಿರ ಕಂಡಾಗಲೆಲ್ಲ, "ಸ್ವಂತ ಮಾವ ಅಲ್ಲದೋನು ಚೆನ್ನಾಗಿದೀಯಾ?" ಎಂದು ಕೂಗಿ ಹೋಗುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ಮಾವ ಕೈ ಎತ್ತುತ್ತಿದ್ದ, ಎತ್ತಲಾಗುವಷ್ಟು.

ಬಿಸಿಲು ಇಳಿಯುವ ಹೊತ್ತಿಗೆ ಒಂದು ದಿನ ಮಿಡತೆ ಒಬ್ಬಳೇ ಬಂದಳು. ಮೇಡಂ ಬರುವ ದಿನವಲ್ಲ. ಬೆಲ್ಟ್ ತೆಗೆದುಕೊಂಡು ಸೊಂಟಕ್ಕೆ ಕಟ್ಟಿಕೊಂಡಳು. ಮಾವ ಬಿಲ್ಲೆ ಹಾಕಲು ಬಂದಾಗ, "ನಾನೇ ಹಾಕ್ತೀನಿ," ಅಂದಳು. ಹಾಕಿದಳು. ಆಮೇಲೆ ಎದುರಿನ ಏಣಿಪಟ್ಟಿಯ ಪಕ್ಕದ ಜಾಗ ತೋರಿಸಿದಳು.

"ನೀನು ಅಲ್ಲಿ ನಿಂತ್ಕೋ ಮಾವ. ನಿನ್ನ ಕೈ ನನಗೆ ಕಾಣ್ಬೇಕು."

ಅಲ್ಲಿ ಚಾವಣಿ ತಗ್ಗು. ಮಾವ ತಲೆ ಬಗ್ಗಿಸಿ ನಿಂತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಏಣಿಪಟ್ಟಿಯ ಒಂದು ಮೆಟ್ಟಿಲನ್ನು ಹಿಡಿದುಕೊಂಡ. ಅವಳು ಎದ್ದಳು. ಚಕ್ರ ಗುಂಯ್ ಎಂದಿತು, ಎಳೆಯಿತು. ಅವಳ ಬಾಯಿಂದ ಆ ಹಳೆಯ ಸದ್ದು ಬಂತು. ಮಾವನ ಬೆರಳು ಮರಕ್ಕೆ ಕಚ್ಚಿಕೊಂಡವು, ಕಣ್ಣು ಮುಚ್ಚಿಹೋಯಿತು.

"ಕಣ್ಣು ಬಿಡು," ಅಂದಳು ಮಿಡತೆ. "ನೋಡು."

ನೋಡಿದ. ಮಂಡಿ ನಡುಗುತ್ತಿತ್ತು. ಒಳಕ್ಕೆ ವಾಲಲು ಹೋಗಿ, ಅವಳು ಹಲ್ಲುಕಚ್ಚಿದಾಗ, ಇಷ್ಟಿಷ್ಟೇ ನೆಟ್ಟಗಾಗಿ ನಿಂತಿತು. ಚಕ್ರ ನಿಂತಿತು. ಮತ್ತೆ ಎದ್ದಳು, ಮತ್ತೆ ತಡೆದಳು. ಒಮ್ಮೆ ತಡೆಯಲಾಗದೆ ಹಲಗೆಯ ಮೇಲೆ ಕುಕ್ಕರಿಸಿ ಕೂತಳು. ಮಾವನ ಒಂದು ಕಾಲು ಮುಂದಕ್ಕೆ ಬಂತು. ಕೈ ಏಣಿಪಟ್ಟಿಯಲ್ಲೇ ಉಳಿಯಿತು. ಅವಳು ಬೆವರು ಒರೆಸಿಕೊಂಡು, ಯಾರ ಆಸರೆಯೂ ಇಲ್ಲದೆ ಎದ್ದು, ಮತ್ತೆ ಶುರುಮಾಡಿದಳು. ಇದನ್ನು ಅವಳು ಹಿಂದಿನ ಬೇಸಿಗೆಯಲ್ಲಿ ಮಾಡಬಹುದಿತ್ತು. ಆಗ ಈ ಕಾಲಿನ ಮುಂದೆ ಜಿಗಿಯುವ ಮರಳ ಗುಂಡಿಯಿತ್ತು.

ಸಾಕೆನಿಸಿದಾಗ ಅವಳು ಕೊನೆಯ ಸಲ ಎದ್ದು ನಿಂತು, ಕೊಕ್ಕೆ ಬಿಚ್ಚಿ ಪಟ್ಟಿಯನ್ನು ಬಿಟ್ಟಳು. ಪಟ್ಟಿ ಪೂರ್ತಿ ಅಚ್ಚಿಗೆ ಸುತ್ತಿಕೊಂಡಿತು. ಚಕ್ರ ಮಾತ್ರ ಇನ್ನೂ ತಿರುಗುತ್ತಿತ್ತು. ಯಾರೇ ಮುಗಿಸಿದ ಮೇಲೂ ಅದನ್ನು ಅಂಗೈಯಿಂದ ಒತ್ತಿ ನಿಲ್ಲಿಸುವುದು ಮಾವನ ದಿನದ ರೂಢಿ. ಅವನು ಎರಡು ಹೆಜ್ಜೆ ಬಂದು, ಕೈ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಂಡ. ಮಿಡತೆ ಗಿಡ್ಡ ಬೆಂಚಿನ ತುದಿಯಲ್ಲಿ ಕೂತು ಮಂಡಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದವಳು ಅದನ್ನು ನೋಡಿದಳು.

ಚಕ್ರ ತಿರುಗುತ್ತಲೇ ಇತ್ತು. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಉಕ್ಕಿನ ಮೇಲೆ ಬಾಗಿಲ ಬೆಳಕು ಸುತ್ತುತ್ತಿತ್ತು. ಬಿಟ್ಟರೆ ಅದು ಎಷ್ಟು ಹೊತ್ತು ತಿರುಗುತ್ತದೆಂದು ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ನೋಡಿರಲಿಲ್ಲ.